ಒಂದು ಅಂಕದ ಅಪರಾಧಿ

ಒಂದು ಅಂಕದಿಂದ ಸೋಲುವುದಕ್ಕಿಂತ ನೂರು ಅಂಕದಿಂದ ಸೋಲುವುದು ಎಷ್ಟೋ ಮೇಲು ಎಂಬುದು ನೆವಿಲ್ ಟ್ರೆಗೆಲ್ಲಾನ ಸಿದ್ಧಾಂತ. ನೂರು ಅಂಕದಿಂದ ಸೋತರೆ ಮನೆಗೆ ಬಂದು, ಕಾಲು ಚಾಚಿ, ಹೊಟ್ಟೆ ತುಂಬ ಉಂಡು ಮಲಗಬಹುದು. ಅಷ್ಟು ದೊಡ್ಡ ಸೋಲಿಗೆ ಯಾರೂ ಕಾರಣರಲ್ಲ. ಪ್ರವಾಹದ ಹಾಗೆ, ಮಿಡತೆ ಹಿಂಡಿನ ಹಾಗೆ ಅದೂ ದೈವೇಚ್ಛೆ. ಆದರೆ ಒಂದು ಅಂಕದ ಸೋಲಿಗೆ ಒಬ್ಬ ಅಪರಾಧಿ ಇದ್ದೇ ಇರುತ್ತಾನೆ. ಅವನನ್ನು ಹಿಡಿಯುವ ತನಕ ಗಂಡಸಾದವನಿಗೆ ಊಟ ಸೇರಬಾರದು. (ನೆವಿಲ್‌ಗೆ ಸೇರುತ್ತಿತ್ತು. ಸೇರುತ್ತಿಲ್ಲ, ಸೇರುತ್ತಿಲ್ಲ ಎನ್ನುತ್ತಲೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ.)

ಬೂರಾಂಗಿ ಎಂಬುದು ಗೋಧಿ ಹೊಲಗಳ ನಡುವೆ ಯಾರೋ ಮರೆತು ಬಿಟ್ಟುಹೋದಂತಿರುವ ಊರು. ಅಲ್ಲಿಯ ಬ್ಯಾಂಕು ಮುಚ್ಚಿತು, ಊರು ಸುಮ್ಮನಿತ್ತು. ರೈಲು ನಿಂತಿತು, ಊರು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಆದರೆ ಫುಟ್‌ಬಾಲ್ ಮೈದಾನದ ಹುಲ್ಲಿಗೆ ನೀರು ಬಿಡುವುದು ಒಂದು ವಾರ ತಡವಾಗಿದ್ದಕ್ಕೆ ಪುರಸಭೆಯ ಸದಸ್ಯನೊಬ್ಬ ಹೆಂಡತಿ ಮಕ್ಕಳ ಸಮೇತ ಊರು ಬಿಡಬೇಕಾಯಿತು.

ಊರ ತಂಡದ ಹೆಸರು ಗಲಾ. ಗುಲಾಬಿ ಎದೆ, ಬೂದಿ ಬೆನ್ನಿನ ಗಿಳಿ ಅದು. ವಿದ್ಯುತ್ ತಂತಿಗೆ ತಲೆಕೆಳಗಾಗಿ ಜೋತುಬಿದ್ದು ಕಿರುಚುವುದೇ ಅದರ ಕುಲಕಸುಬು. ಆ ಸೀಮೆಯಲ್ಲಿ ಪೆದ್ದನನ್ನು ಬೈಯುವುದಕ್ಕೂ ಅದೇ ಹೆಸರು. ತಂಡಕ್ಕೆ ನಾಮಕರಣ ಮಾಡಿದ ಹಿರಿಯರಿಗೆ ಒಳ್ಳೆಯ ದೂರದೃಷ್ಟಿ ಇತ್ತು ಎಂದು ಟಾಲ್ಗಾರಿನವರು ಹೇಳುತ್ತಾರೆ. (ಟಾಲ್ಗಾರು ಪಕ್ಕದ ಊರು. ಪಕ್ಕದ ಊರು ಎಂದ ಮೇಲೆ ಇನ್ನೇನೂ ಹೇಳಬೇಕಾಗಿಲ್ಲ.)

ಈ ವರ್ಷದ ಗಲಾಗಳೆಲ್ಲ ಎಳೆ ನಿಂಬೆಕಾಯಿಗಳು. ಬಲಿತ ಆಟಗಾರರೆಲ್ಲ ಗಣಿ ಕೆಲಸಕ್ಕೋ, ಕೈತುಂಬ ಕಾಸು ಕೊಡುವ ಕ್ಲಬ್ಬಿಗೋ ಹಾರಿಹೋಗಿ, ಉಳಿದವರಲ್ಲಿ ಮೀಸೆ ಮೂಡಿದವರು ಮೂರೇ ಮಂದಿ; ಅದರಲ್ಲೂ ಎರಡು ಮೀಸೆ ದೂರದಿಂದ ನೋಡಿದರೆ ಕಾಫಿಯ ನೊರೆ ಅನ್ನಿಸುತ್ತಿತ್ತು. ಇವರಿಗೆ ಕೋಚ್ ಆಗಿದ್ದವನು ಡ್ಯಾರನ್, ಊರಿನ ವೈರಿಂಗ್ ಕೆಲಸದವನು, ನೆವಿಲ್‌ನ ಒಬ್ಬಳೇ ಮಗಳ ಗಂಡ. ಮಗಳನ್ನು ಕೊಟ್ಟಾಗ ನೆವಿಲ್ ಅಷ್ಟೇನೂ ಯೋಚಿಸಿರಲಿಲ್ಲ. ತಂಡವನ್ನು ಕೊಡುವಾಗ ಮಾತ್ರ ಎರಡು ರಾತ್ರಿ ನಿದ್ದೆಗೆಟ್ಟಿದ್ದ.

ಈ ಚಿಳ್ಳೆಪಿಳ್ಳೆಗಳು ಯಾರೂ ಎಣಿಸದ ಹಾಗೆ ಗೆಲ್ಲುತ್ತ ಗೆಲ್ಲುತ್ತ ಬಂದು, ಫೈನಲ್ಲಿಗೆ ಒಂದೇ ಮೆಟ್ಟಿಲು ಕೆಳಗೆ ನಿಂತರು. ಎದುರಾಳಿ ಟಾಲ್ಗಾರು, ಪಂದ್ಯ ಬೂರಾಂಗಿಯ ಮೈದಾನದಲ್ಲೇ.

ಆ ಸೀಮೆಯಲ್ಲಿ ಮೈದಾನದ ಬೇಲಿಯ ಸುತ್ತ ಗಾಡಿಗಳನ್ನು ಮೂತಿ ಒಳಗೆ ಮಾಡಿ ನಿಲ್ಲಿಸಿ, ಒಳಗೇ ಕೂತು ಆಟ ನೋಡುವುದು ರೂಢಿ. ತಮ್ಮ ತಂಡ ಗೋಲು ಹೊಡೆದರೆ ಎಲ್ಲರೂ ಹಾರ್ನ್ ಬಾರಿಸುತ್ತಾರೆ. ಗೋಲು ಕಂಬದ ಪಕ್ಕದ ಪೆಪ್ಪರ್‌ಕಾರ್ನ್ ಮರದ ನೆರಳು ನೆವಿಲ್‌ನ ಜಾಗ. ಅವನಪ್ಪ ಅಲ್ಲಿ ಕುದುರೆ ಗಾಡಿ ನಿಲ್ಲಿಸುತ್ತಿದ್ದನಂತೆ. ಚರ್ಚಿನಲ್ಲಿ ಬೇರೆಯವರ ಬೆಂಚಿನ ಮೇಲೆ ಕೂತರೂ ಕ್ಷಮೆಯುಂಟು. ಶನಿವಾರ ಆ ಮರದ ಕೆಳಗೆ ಬೇರೆ ಗಾಡಿ ನಿಲ್ಲಿಸಿದವನಿಗೆ ಇಹಪರ ಎರಡೂ ಇಲ್ಲ. ಹೆಂಡತಿ, ಮನೆ, ಹಲ್ಲುಸೆಟ್ಟು, ಪಿಂಚಣಿ ಇಷ್ಟನ್ನೂ ಕಳೆದುಕೊಂಡು ಆ ನೆರಳೊಂದು ಉಳಿದರೆ ಸಾಕು ಎಂದು ನೆವಿಲ್ ಒಮ್ಮೆ ಪಬ್ಬಿನಲ್ಲಿ ಹೇಳಿದ್ದ. ಹೆಂಡತಿ ಗ್ಲೆನಿಸ್‌ಗೆ ಅದು ಅರ್ಧ ಗಂಟೆಯೊಳಗೆ ತಲುಪಿತ್ತು.

ಗ್ಲೆನಿಸ್ ಮಾತ್ರ ಆ ನೆರಳಲ್ಲಿ ಎಂದೂ ಕೂತವಳಲ್ಲ. ಅವಳ ಜಾಗ ಕ್ಯಾಂಟೀನು. ನಲವತ್ತು ವರ್ಷದಿಂದ ಶನಿವಾರ ಶನಿವಾರ ಅವಳು ಅಲ್ಲಿ ಚಿಪ್ಸ್ ಕರಿದು, ಮಾಂಸದ ಪೈ ಬಿಸಿ ಮಾಡಿ, ಆಟಗಾರರು ಬಿಡುವಿನಲ್ಲಿ ಹೀರುವುದಕ್ಕೆ ಕಿತ್ತಳೆ ಹಣ್ಣು ಹೋಳು ಮಾಡಿ ಕಳಿಸುತ್ತಿದ್ದಳು. ಕ್ಯಾಂಟೀನಿನ ಕಿಟಕಿ ಇರುವುದು ರಸ್ತೆಯ ಕಡೆಗೆ; ಮೈದಾನದ ಕಡೆಗೆ ಬರೀ ಗೋಡೆ. ಕಟ್ಟಡ ಕಟ್ಟುವಾಗ ಹಾಗೆ ಸಲಹೆ ಕೊಟ್ಟವನು ನೆವಿಲ್ಲೇ. ಆಟ ಕಂಡರೆ ಹೆಂಗಸರ ಗಮನ ಎಣ್ಣೆಯಿಂದ ತಪ್ಪುತ್ತದೆ ಎಂದು ಅವನ ಕಾಳಜಿ.

ಈ ಪಂದ್ಯಕ್ಕೆಂದು ನೆವಿಲ್‌ಗೆ ಒಂದು ಮಹದಾಲೋಚನೆ ಹೊಳೆಯಿತು. ಅವನ ಹಳೆಯ ಪಿಕಪ್ಪಿನ ಹಾರ್ನು ಶೀತ ಹಿಡಿದ ಕುರಿಯ ಹಾಗೆ ಕೆಮ್ಮುತ್ತಿತ್ತು. ಅಗ್ನಿಶಾಮಕ ದಳದವರು ಎಸೆದ ಒಂದು ಸೈರನ್ನು ಗುಜರಿ ರಾಶಿಯಲ್ಲಿ ಅವನ ಕಣ್ಣಿಗೆ ಬಿತ್ತು. ಹಿಂದೊಮ್ಮೆ ಅದೇ ದಳದವರು ಇಂಥದ್ದೇ ಇನ್ನೊಂದನ್ನು ಕ್ಲಬ್ಬಿಗೆ ದಾನ ಮಾಡಿದ್ದರು. ಆಟ ಮುಗಿದಾಗ ವೇಳೆ ನೋಡುವವರು ತಗಡಿನ ಗೂಡಿನಿಂದ ಬಾರಿಸುತ್ತಿದ್ದುದು ಅದನ್ನೇ. ಅಂದರೆ ಒಂದೇ ಬಳ್ಳಿಯ ಎರಡು ಕುಂಬಳಕಾಯಿ. ನೆವಿಲ್ ಶುಕ್ರವಾರ ಶೆಡ್ಡಿನಲ್ಲಿ ಕೂತು ಅದನ್ನು ಗಾಡಿಗೆ ಜೋಡಿಸಿ, ದಳದ ಹೆಸರು ಕೆತ್ತಿದ್ದ ಅದರ ಗುಂಡಿಯನ್ನು ಸ್ಟೀರಿಂಗಿನ ನಟ್ಟನಡುವೆ ಕೂರಿಸಿ, ಒಮ್ಮೆ ಒತ್ತಿದ. ಅಡುಗೆಮನೆಯಲ್ಲಿದ್ದ ಗ್ಲೆನಿಸ್ ಒಲೆ ಆರಿಸಿ, ನಾಯಿಯನ್ನೆತ್ತಿಕೊಂಡು ಬೀದಿಗೆ ಓಡಿದಳು.

ನೆವಿಲ್‌ಗೆ ಮಾತ್ರ ಗಾಡಿ ನಡುಗಿದ್ದು ತಿಳಿಯಿತೇ ಹೊರತು ಸದ್ದು ಕೇಳಿಸಲಿಲ್ಲ. ಅವನ ಕಿವಿಗಳು ಸಂಪು ಹೂಡಿ ವರ್ಷಗಳಾಗಿದ್ದವು. ಮಗಳು ಕೊಡಿಸಿದ ಕಿವಿಯ ಮಷೀನು ಇತ್ತು, ಆದರೆ ಶೆಡ್ಡಿನಲ್ಲಿ ಅದು ಕಿವಿಯಲ್ಲಿರಲಿಲ್ಲ. ಹಾರ್ನುಗಳ ಗದ್ದಲಕ್ಕೆ ಅದು ಕೀಂ ಎನ್ನುತ್ತದೆಂದು ಮೈದಾನದಲ್ಲೂ ಅದನ್ನು ತೆಗೆದು ಆ್ಯಶ್‌ಟ್ರೇಯೊಳಗೆ ಹಾಕಿಬಿಡುತ್ತಿದ್ದ. ಗೆದ್ದ ಮೇಲೆಯೇ ಈ ಸೈರನ್ ಬಾರಿಸುವುದು, ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ. ಶಪಥಕ್ಕೆ ತಕ್ಕಂತೆ, ಇಡೀ ಪಂದ್ಯ ಎಲ್ಲರೂ ಹಾರ್ನ್ ಬಾರಿಸುತ್ತಿದ್ದರೆ ಇವನೊಬ್ಬ ಮೌನವ್ರತದ ಋಷಿಯಂತೆ ಪೈ ತಿನ್ನುತ್ತ ಕೂತಿದ್ದ.

ಕೊನೆಯ ಗಳಿಗೆ ಬಂತು. ಗಲಾಗಳು ಐದು ಅಂಕ ಮುಂದೆ. (ಆ ಸೀಮೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು. ನಡುವಿನ ಎತ್ತರದ ಕಂಬಗಳ ನಡುವೆ ಚೆಂಡು ಹೋದರೆ ಆರು ಅಂಕ, ಪಕ್ಕದ ಗಿಡ್ಡ ಕಂಬದ ಕಡೆ ಜಾರಿದರೆ ಒಂದು. ಇಷ್ಟು ಗೊತ್ತಿದ್ದರೆ ನಿಮಗೂ ನೆವಿಲ್‌ನಷ್ಟೇ ಗೊತ್ತು.) ಟಾಲ್ಗಾರಿನವರು ಒದ್ದ ಚೆಂಡು ಗೋಲಿನ ಬಾಯಿಗೇ ಬಂತು. ಬ್ರೋಡಿ ಎಂಬ ಪೋರ, ಮುಂದೆ ಬೋಳು ಹಿಂದೆ ಜಡೆ ಬಿಟ್ಟವನು, ಮೂವರ ಹೆಗಲು ಹತ್ತಿ ಹಾರಿ ಅದನ್ನು ಆಕಾಶದಲ್ಲೇ ಕಿತ್ತುಕೊಂಡ. ನೆವಿಲ್ ಸಾಸ್ ಸುರಿಯುತ್ತಿದ್ದ ಪೈಯನ್ನು ಕೈಯಲ್ಲಿ ಹಿಡಿದೇ ಮುಂದಕ್ಕೆ ಬಗ್ಗಿದ. ಹಾಗೆ ಬಗ್ಗಿದಾಗ ಅವನ ಮೂಗಿಗೂ ಗಾಜಿಗೂ ನಡುವೆ ಜಾಗವಿರಲಿಲ್ಲ. ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಎಂದೂ ಇರಲಿಲ್ಲ.

ಆಮೇಲೆ ಕಂಡದ್ದನ್ನು ಅವನು ಸಾಯುವವರೆಗೂ ಮರೆಯುವಂತಿಲ್ಲ. ಬ್ರೋಡಿ ಚೆಂಡನ್ನು ಮೊಟ್ಟೆಯಂತೆ ಮೆಲ್ಲಗೆ ನೆಲದ ಮೇಲಿಟ್ಟು ಎರಡೂ ಕೈ ಮೇಲೆತ್ತಿದ. ಒಬ್ಬ ಮಂಡಿಯೂರಿ ಹುಲ್ಲಿಗೆ ಮುತ್ತಿಟ್ಟ. ಇಬ್ಬರು ತಬ್ಬಿಕೊಂಡು ಅತ್ತರು. ಅಷ್ಟರಲ್ಲಿ ಟಾಲ್ಗಾರಿನ ಮುಂಚೂಣಿ ಆಟಗಾರ, ನಲವತ್ತರ ಹತ್ತಿರದ ಒಬ್ಬ ದಢೂತಿ ಕಟುಕ, ಏದುಸಿರು ಬಿಡುತ್ತ ಬಂದು, ಅನಾಥವಾಗಿ ಬಿದ್ದಿದ್ದ ಚೆಂಡನ್ನೆತ್ತಿ ಕಂಬಗಳ ನಡುವೆ ಒದ್ದ. ಅಂಪೈರು ಗೋಲು ಕೊಟ್ಟ. ಆಟ ಮುಗಿಯಿತು. ಒಂದು ಅಂಕ.

ಭಾನುವಾರ ಬೆಳಿಗ್ಗೆಯಿಂದಲೇ ವಿಚಾರಣೆ ಶುರುವಾಯಿತು. ನ್ಯಾಯಾಲಯ ಅಡುಗೆಮನೆಯ ಮೇಜು. ನ್ಯಾಯಾಧೀಶ, ವಕೀಲ, ಸಾಕ್ಷಿ ಎಲ್ಲ ನೆವಿಲ್ಲೇ. ಮೊದಲು ಅಂಪೈರನನ್ನು ನೇಣಿಗೆ ಹಾಕಿದ. ಅವನ ಅಜ್ಜಿ ಟಾಲ್ಗಾರಿನವಳು ಎಂಬುದು ಸಾಕಾಗಿತ್ತು. ಆಮೇಲೆ ಗಾಳಿಯನ್ನು ಹಿಡಿದ. ಆಟದ ಮೂರನೆಯ ಕಾಲುಭಾಗದಲ್ಲಿ ಅದು ಬೇಕೆಂದೇ ದಿಕ್ಕು ಬದಲಿಸಿತ್ತು. ಆಮೇಲೆ ಹುಡುಗರ ಜಡೆ, ಅವರ ಫೋನು, ಅವರು ಕುಡಿಯುವ ಓಟ್ಸ್ ಹಾಲು. ಹಸುವಿನ ಹಾಲು ಕುಡಿದವನು ಚೆಂಡು ನೆಲಕ್ಕಿಡುತ್ತಿದ್ದನೇ ಎಂದು ನಾಯಿಯನ್ನು ಕೇಳಿದ. ನಾಯಿ ಪಕ್ಷ ವಹಿಸಲಿಲ್ಲ.

ಗ್ಲೆನಿಸ್ ಬಟ್ಟೆ ಒಗೆಯುತ್ತಿದ್ದಳು. ಅವನ ಗುಲಾಬಿ ಬಣ್ಣದ ಕ್ಲಬ್ ಸ್ವೆಟರನ್ನು ನೀರಿಗೆ ಹಾಕುವ ಮೊದಲು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಒಗೆಯದೆ ಮಡಿಸಿ ಪಕ್ಕಕ್ಕಿಟ್ಟಳು.

"ಕಿತ್ತಳೆ," ಎಂದ ನೆವಿಲ್ ಇದ್ದಕ್ಕಿದ್ದಂತೆ.

"ಏನು ಕಿತ್ತಳೆ?"

"ನಿನ್ನೆ ಒಂದು ಹಣ್ಣನ್ನ ಆರು ಹೋಳು ಮಾಡಿದ್ದೆ ನೀನು. ಯಾವತ್ತೂ ನಾಲ್ಕು ಮಾಡ್ತಿದ್ದೆ. ಅರ್ಧ ಹೊಟ್ಟೇಲಿ ಹುಡುಗ್ರು ಎಲ್ಲಿಂದ ಓಡ್ಬೇಕು? ಸೋಲು ಗೆಲುವು ಅನ್ನೋದು ಇಂಥ ಸಣ್ಣಪುಟ್ಟದ್ರಲ್ಲೇ ಇರೋದು ಕಣೆ."

"ಐದು ಅಂಕ ಮುಂದೆ ಇದ್ರಲ್ಲ, ಅದು ಯಾವ ಹೋಳಿನ ಬಲದಿಂದ?"

ನೆವಿಲ್ ತನ್ನ ಎದೆಯನ್ನು ಕೊರೆಯುತ್ತಿದ್ದ ಇನ್ನೊಂದು ದುಃಖ ತೋಡಿಕೊಂಡ. ಅಷ್ಟು ಕಷ್ಟಪಟ್ಟು ಜೋಡಿಸಿದ ಸೈರನ್ನು, ಪಾಪ, ಒಂದು ಸಲವೂ ಬಾಯಿ ತೆರೆಯಲಿಲ್ಲವಲ್ಲ ಎಂದ. ಮದುವೆ ಮುರಿದ ಮನೆಯ ವಾದ್ಯದವರ ಹಾಗಾಯಿತು ಅದರ ಗತಿ ಎಂದ. ಗ್ಲೆನಿಸ್ ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಹೋಗಿ, ಟೀ ಬೇಕೇ ಎಂದು ಕೇಳಿದಳು.

ಮಂಗಳವಾರ ಡ್ಯಾರನ್ ಬಂದ. ಮುಖ ನೀರಿಳಿದ ಬದನೆಕಾಯಿಯಂತಾಗಿತ್ತು. ಗುರುವಾರ ಕ್ಲಬ್ಬಿನ ಸಭೆ. ಮುಂದಿನ ವರ್ಷ ಅವನನ್ನೇ ಕೋಚ್ ಆಗಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನ. ಅವನಿಗಿಂತ ಅವನ ಹುಡುಗರದೇ ಚಿಂತೆ: ನಾಲ್ವರು ಆಟವನ್ನೇ ಬಿಡುತ್ತೇವೆಂದಿದ್ದರು, ಬ್ರೋಡಿ ಮನೆಯಿಂದ ಹೊರಗೇ ಬಂದಿರಲಿಲ್ಲ.

"ನೆವ್, ಹುಡುಗರು ಸುಮ್ಮನೆ ನಿಲ್ಲಲಿಲ್ಲ. ಸೈರನ್ ಆಯ್ತು. ನಾನೂ ಕೇಳಿದೆ. ಅಂಪೈರ್ ಕೂಡ ಗೂಡಿನ ಕಡೆ ನೋಡಿದ. ಅಲ್ಲಿದ್ದೋರು ನಾವಲ್ಲ ಅಂತ ಕೈಯಾಡಿಸಿದ್ರು, ಆಡಿ ಅಂದ. ಆ ಕಟುಕನಿಗೆ ಮಾತ್ರ ತನ್ನ ಏದುಸಿರಲ್ಲಿ ಏನೂ ಕೇಳಿಸಿರಲಿಲ್ಲವಂತೆ."

"ಸೈರನ್ನು," ಎಂದ ನೆವಿಲ್, ಆ ಪದವನ್ನು ಇಕ್ಕಳದಲ್ಲಿ ಹಿಡಿದಂತೆ. "ನಾನು ಅಲ್ಲೇ ಇದ್ದೆನಲ್ಲಯ್ಯ, ಗೋಲಿನ ಪಕ್ಕದಲ್ಲೇ. ನನಗೆ ಒಂದು ಪಿಳ್ಳಂಗೋವಿ ಸದ್ದೂ ಕೇಳಿಸಲಿಲ್ಲ."

ಗ್ಲೆನಿಸ್ ಬಿಸ್ಕತ್ತಿನ ತಟ್ಟೆ ಇಡುತ್ತ, ಕಿವಿಯ ಮಷೀನು ಎಲ್ಲಿತ್ತು ಎಂದು ಮೆಲ್ಲನೆ ಕೇಳಿದಳು. ಅದಕ್ಕೂ ಇದಕ್ಕೂ ಏನು ಸಂಬಂಧ, ಮಾತು ಬದಲಿಸಬೇಡ ಎಂದು ನೆವಿಲ್ ಗದರಿದ. ಅಳಿಯ ಹೋದ ಮೇಲೆ ಅವಳು ಇನ್ನೊಂದು ಅವಕಾಶ ಕೊಟ್ಟಳು.

"ನೆವ್, ಗುರುವಾರ ಸುಮ್ಮನಿದ್ದುಬಿಡು ಮಾರಾಯ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಅಳಿಯ ಅಂತ ನ್ಯಾಯ ಬಿಡೋಕಾಗತ್ತಾ?"

"ಆಯ್ತು. ನ್ಯಾಯಾನೇ ಆಗಲಿ," ಎಂದು ಗ್ಲೆನಿಸ್ ತಟ್ಟೆ ಎತ್ತಿಕೊಂಡು ಹೋದಳು. ಅದರಲ್ಲಿ ಇನ್ನೂ ಎರಡು ಬಿಸ್ಕತ್ತಿದ್ದವು. ಅನುಭವಸ್ಥ ಗಂಡನಾಗಿದ್ದರೆ ಅಲ್ಲಿಯೇ ಎಚ್ಚೆತ್ತುಕೊಳ್ಳುತ್ತಿದ್ದ.

ಗುರುವಾರ ಕ್ಲಬ್ಬಿನ ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷ ಕಾಲಿನ್ ಪ್ಯಾಸ್ಕೊ, ಪಬ್ಬಿನ ಯಜಮಾನ, ಸಾವಿನ ಮನೆಯ ಮುಖ ಮಾಡಿಕೊಂಡು ಕೂತಿದ್ದ. ಗೋಡೆಯುದ್ದಕ್ಕೂ ಹುಡುಗರು ಒಂದೊಂದು ಸಾಸೇಜ್ ರೋಲ್ ಹಿಡಿದು ತಲೆತಗ್ಗಿಸಿ ನಿಂತಿದ್ದರು. ಬ್ರೋಡಿಯನ್ನು ಅವನಮ್ಮ ಕೈಹಿಡಿದು ತಂದಿದ್ದಳು. ನೆವಿಲ್ ಎದ್ದು ನಿಂತ. ಮೂವತ್ತು ವರ್ಷ ಗೋದಾಮಿನಲ್ಲಿ ಗೋಧಿ ತೂಗಿದವನು ತಾನು, ಕಾಳು ಯಾವುದು ಹೊಟ್ಟು ಯಾವುದು ಬಲ್ಲೆ ಎಂದು ಪೀಠಿಕೆ ಹಾಕಿದ. ಶಿಸ್ತಿನಿಂದ ಓಟ್ಸ್ ಹಾಲಿಗೆ, ಹಾಲಿನಿಂದ ಜಡೆಗೆ, ಜಡೆಯಿಂದ ದೇಶದ ಭವಿಷ್ಯಕ್ಕೆ ಬಂದ. ಇಲ್ಲದ ಸೈರನ್ನನ್ನು ಕೇಳಿಸಿಕೊಳ್ಳುವ ಪೀಳಿಗೆ ನಾಳೆ ಇರುವ ಸಾಲವನ್ನೂ ಕೇಳಿಸಿಕೊಳ್ಳದು ಎಂದ. (ಇದು ಯಾರಿಗೂ ಅರ್ಥವಾಗದಿದ್ದರೂ ಮುದುಕರು ಚಪ್ಪಾಳೆ ತಟ್ಟಿದರು.) ಕೊನೆಗೆ ನಿರ್ಣಯ ಮಂಡಿಸಿದ.

"ಯಾರ ತಪ್ಪಿನಿಂದ ನಾವು ಸೋತೆವೋ, ಅವರು ಯಾರೇ ಆಗಿರಲಿ, ನನ್ನ ಸ್ವಂತ ಮನೆಯವರೇ ಆಗಿರಲಿ, ಬರೋ ಇಡೀ ಸೀಸನ್ನು ಕ್ಯಾಂಟೀನಲ್ಲಿ ನಿಂತು ಚಿಪ್ಸ್ ಕರೀಬೇಕು. ಆಟದ ಕಡೆ ತಿರುಗಿಯೂ ನೋಡಬಾರದು. ಗೋಡೆ ಹಿಂದೆ ಆಟ ನಡೀತಿದ್ದರೆ ಹೊಟ್ಟೆ ಹೇಗೆ ಉರಿಯುತ್ತೆ ಅಂತ ಗೊತ್ತಾಗಲಿ."

ಡ್ಯಾರನ್ ಕಣ್ಣು ಮುಚ್ಚಿಕೊಂಡ. ಹಿಂದಿನ ಸಾಲಿನಿಂದ ಗ್ಲೆನಿಸ್ ಎದ್ದಳು.

"ನಾನು ಅನುಮೋದಿಸ್ತೀನಿ."

ಅಧ್ಯಕ್ಷ ಕೈ ಎತ್ತಲು ಹೇಳಿದ. ಎಲ್ಲ ಕೈಗಳೂ ಎದ್ದವು. ನೆವಿಲ್ ಎರಡೂ ಕೈ ಎತ್ತಿದ್ದ. ನಿರ್ಣಯ ಪಾಸಾಯಿತು.

"ಈಗ ನೆವ್," ಎಂದಳು ಗ್ಲೆನಿಸ್, "ನಿನ್ನ ಮಷೀನನ್ನ ಕಿವಿಗೆ ಸರಿಯಾಗಿ ಹಾಕ್ಕೊ. ಡ್ಯಾರನ್, ಹೊರಗಡೆ ನಿಮ್ಮ ಮಾವನ ಗಾಡಿ ನಿಂತಿದೆ. ಹೋಗಿ ಹಾರ್ನ್ ಒತ್ತು."

ಡ್ಯಾರನ್ ಏನೂ ತಿಳಿಯದೆ ಹೊರಗೆ ಹೋದ. ಆಮೇಲೆ ಸೈರನ್ ಮೊಳಗಿತು.

ಗೋಡೆಯುದ್ದಕ್ಕೂ ನಿಂತಿದ್ದ ಹುಡುಗರು ಬಾಯಲ್ಲಿದ್ದುದನ್ನು ಅಗಿಯುವುದನ್ನೇ ನಿಲ್ಲಿಸಿದರು. ಇಬ್ಬರು ಕೈಕುಲುಕಿದರು. ಬ್ರೋಡಿ, ಪಾಪ, ಕೈಯಲ್ಲಿದ್ದ ಸಾಸೇಜ್ ರೋಲನ್ನು ಮೊಟ್ಟೆಯಂತೆ ಮೆಲ್ಲಗೆ ನೆಲದ ಮೇಲಿಟ್ಟು ಎರಡೂ ಕೈ ಮೇಲೆತ್ತಿದ. ವೇಳೆ ನೋಡುವ ಮುದುಕ ನಿದ್ದೆಯಿಂದೆದ್ದು, ನಾನಲ್ಲ, ನಾನು ಮುಟ್ಟಲೇ ಇಲ್ಲ ಎಂದ.

ನೆವಿಲ್ ತನ್ನ ಸೈರನ್ನಿನ ಸದ್ದನ್ನು ಕೇಳಿದ್ದು ಅದೇ ಮೊದಲು. ಬಹಳ ಚೆನ್ನಾಗಿತ್ತು. ಬಹಳ ಪರಿಚಿತವಾಗಿಯೂ ಇತ್ತು.

"ಒಂದೇ ಥರ ಇರಬಹುದು," ಎಂದ ಗಂಟಲು ಸರಿಮಾಡಿಕೊಂಡು. "ಆದರೆ ನಾನು ಅವತ್ತು ಒತ್ತಲೇ ಇಲ್ಲ. ನನ್ನ ಕೈಲಿ ಪೈ ಇತ್ತು. ದೇವರಾಣೆ."

"ನಿನ್ನ ಕೈ ಒತ್ತಲಿಲ್ಲ. ನಾನು ಕೈ ಅಂತ ಎಲ್ಲಿ ಅಂದೆ?" ಎಂದು ಗ್ಲೆನಿಸ್ ಚೀಲದಿಂದ ಅವನ ಗುಲಾಬಿ ಸ್ವೆಟರನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹರಡಿ ಹಿಡಿದಳು. ಪೈಯಿಂದ ಸೋರಿದ ಸಾಸು ಮೊದಲು ಗುಂಡಿಯ ಮೇಲೆ ಬಿದ್ದಿತ್ತು. ಅದರ ಮೇಲೆ ಹೊಟ್ಟೆ ಬಿದ್ದಿತ್ತು. ಸ್ವೆಟರಿನ ನಡುವೆ, ಹೊಕ್ಕುಳಿನ ನೇರಕ್ಕೆ, ಹಾರ್ನ್ ಗುಂಡಿಯ ಅಚ್ಚು ಸರ್ಕಾರಿ ಮೊಹರಿನಂತೆ ದುಂಡಗೆ, ಕೆಂಪಗೆ ಮೂಡಿತ್ತು. ಅಗ್ನಿಶಾಮಕ ದಳದ ಹೆಸರಿನ ಮೊದಲೆರಡು ಅಕ್ಷರ ತಿರುವುಮುರುವಾಗಿ ಓದಲೂ ಬರುತ್ತಿತ್ತು.

ಸಭಾಂಗಣದಲ್ಲಿ ಮೊದಲು ನಕ್ಕವನು ಬ್ರೋಡಿ. ಐದು ದಿನದಿಂದ ಅವನು ನಕ್ಕಿರಲಿಲ್ಲವೆಂದು ಅವನಮ್ಮ ಆಮೇಲೆ ಹೇಳಿದಳು. ಒಬ್ಬ ನಕ್ಕ ಮೇಲೆ ಎಲ್ಲ ಗಲಾಗಳೂ ತಂತಿಯ ಮೇಲೆ ಕೂತವರಂತೆ ಕಿರುಚಿ ನಕ್ಕರು.

"ಭಾನುವಾರವೇ ಗೊತ್ತಿತ್ತಾ ನಿನಗೆ?" ಎಂದ ನೆವಿಲ್ ಸಣ್ಣ ದನಿಯಲ್ಲಿ. "ಮನೇಲೇ ಹೇಳಬಾರದಿತ್ತಾ?"

"ಮನೇಲಿ ನೀನು ಕಿತ್ತಳೆ ವಿಚಾರ ಮಾತಾಡ್ತಿದ್ದೆಯಲ್ಲ."

ಡ್ಯಾರನ್ ಒಳ್ಳೆಯ ಹುಡುಗ. ಮುಂದೆ ಬಂದು, ಆದದ್ದು ಆಯಿತು, ಬೇಕೆಂದು ಮಾಡಿದ್ದಲ್ಲ, ಈ ವಯಸ್ಸಿನಲ್ಲಿ ನೆವ್‌ಗೆ ಇಂಥ ಕಠಿಣ ಶಿಕ್ಷೆ ಬೇಡ ಎಂದ. ಇಡೀ ಸೀಸನ್ನು ಬಿಸಿ ಎಣ್ಣೆಯ ಮುಂದೆ, ಆಟವೂ ಕಾಣದಂತೆ ನಿಲ್ಲಿಸುವುದು ಮನುಷ್ಯತ್ವ ಅಲ್ಲ ಎಂದು ಅಧ್ಯಕ್ಷನೂ ದನಿಗೂಡಿಸಿದ. ಮುದುಕರೆಲ್ಲ ಹೌದು ಹೌದು, ಬಹಳ ಕ್ರೂರ ಎಂದು ತಲೆಯಾಡಿಸಿದರು. ನೆವಿಲ್‌ನ ಮುಖಕ್ಕೆ ಸ್ವಲ್ಪ ಬಣ್ಣ ಬಂತು.

ಗ್ಲೆನಿಸ್ ಸ್ವೆಟರನ್ನು ನಿಧಾನವಾಗಿ ಮಡಿಸಿದಳು.

"ಹಾಗಾದರೆ ಒಂದು ಮಾತು ಕೇಳ್ತೀನಿ, ಹೇಳಿ. ನಾನು ನಲವತ್ತು ವರ್ಷ ಅಲ್ಲಿ ನಿಂತಿದೀನಿ. ನಾನು ಯಾವ ಪಂದ್ಯ ಸೋಲಿಸಿದ್ದೆ?"

ಅಧ್ಯಕ್ಷ ತನ್ನ ಬಿಯರನ್ನು ನೋಡಿದ. ಮುದುಕರು ಬೂಟು ನೋಡಿಕೊಂಡರು. ಅವರೆಲ್ಲರ ಹೆಂಡಿರೂ ಅವರನ್ನು ನೋಡುತ್ತಿದ್ದರು. ಶಿಕ್ಷೆ ಕಾಯಂ ಆಯಿತು. ಡ್ಯಾರನ್ನೂ ಕಾಯಂ ಆದ. ಅದನ್ನು ಕೇಳುವುದಕ್ಕೆ ಯಾರಿಗೂ ವ್ಯವಧಾನವಿರಲಿಲ್ಲ.

ಬೇಸಿಗೆ ಕಳೆದು ಏಪ್ರಿಲ್ ಬಂತು. (ಭೂಗೋಳದ ಆ ದಕ್ಷಿಣಾರ್ಧದಲ್ಲಿ ಮಾರ್ಚಿಗೆಲ್ಲ ಬೇಸಿಗೆ ಮುಗಿದಿರುತ್ತದೆ.) ಮೊದಲ ಪಂದ್ಯದ ದಿನ ಪೆಪ್ಪರ್‌ಕಾರ್ನ್ ಮರದ ಕೆಳಗೆ ಯಥಾಪ್ರಕಾರ ಹಳೆಯ ಪಿಕಪ್ಪು ನಿಂತಿತ್ತು. ಒಳಗೆ ಗ್ಲೆನಿಸ್, ಫ್ಲಾಸ್ಕು, ಕಂಬಳಿ, ನಾಯಿ. ಸೈರನ್ನು ಕಿತ್ತು ಶೆಡ್ಡಿಗೆ ಹೋಗಿ, ಶೀತದ ಕುರಿ ವಾಪಸು ಬಂದಿತ್ತು. ಕ್ಯಾಂಟೀನಿನಲ್ಲಿ ನೆವಿಲ್, ಹೂವಿನ ಚಿತ್ರದ ಏಪ್ರನ್ ತೊಟ್ಟು, ಎಣ್ಣೆಯೊಡನೆ ಹೋರಾಡುತ್ತಿದ್ದ. ಕಿವಿಯ ಮಷೀನನ್ನು ತೆಗೆಯುವಂತಿರಲಿಲ್ಲ; ಚಿಪ್ಸ್ ಕೇಳುವವರ ಮಾತು ಕೇಳಬೇಕಲ್ಲ. ಹಾಗಾಗಿ ಗೋಡೆಯಾಚೆಯ ಒಂದೊಂದು ಕೂಗೂ ಕೇಳುತ್ತಿತ್ತು, ಒಂದೂ ಕಾಣುತ್ತಿರಲಿಲ್ಲ. ಏನಾಯಿತು, ಯಾರು ಹೊಡೆದರು ಎಂದು ಕಿಟಕಿಗೆ ಬಂದವರನ್ನೆಲ್ಲ ಅಂಗಲಾಚಿದ. "ಅಂಥದ್ದೇನಿಲ್ಲ ನೆವ್, ಎರಡು ಪೈ ಕೊಡು," ಎಂದು ಎಲ್ಲರೂ ಆಟದ ಕಡೆ ಓಡಿದರು. ನಲವತ್ತು ವರ್ಷ ಅವನು ಆ ಕಿಟಕಿಗೆ ಬಂದು ಹೇಳುತ್ತಿದ್ದುದೂ ಇದೇ ಮಾತು.

ಆಟ ಮುಗಿದ ಸೈರನ್ ಕೇಳಿತು. ಹಾರ್ನುಗಳು ಕೇಳಿಸಲಿಲ್ಲ. ನೆವಿಲ್ ಕಿಟಕಿಯಿಂದ ಕತ್ತು ಹೊರಚಾಚಿದ.

ಗ್ಲೆನಿಸ್ ಕಿಟಕಿಗೆ ಬಂದಳು. ಬಿಸಿಲಿಗೆ ಮೂಗು ಕೆಂಪಾಗಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು.

"ಎಷ್ಟರಲ್ಲಿ?" ಎಂದ ನೆವಿಲ್.

"ಎರಡು ಅಂಕ. ಹುಡುಗ್ರು ಪ್ರಾಣ ಬಿಟ್ಟು ಆಡಿದ್ರು, ಅವರದೇನೂ ತಪ್ಪಿಲ್ಲ. ಕಿತ್ತಳೆ ಯಾರು ಕುಯ್ದದ್ದು?"

"ನಾನೇ. ನಾಲ್ಕೇ ಹೋಳು ಮಾಡಿದೀನಿ ಕಣೆ."

"ಅದೇ ನೋಡು. ಬ್ರೋಡಿ ಬಾಯಲ್ಲಿ ಅಷ್ಟು ದಪ್ಪ ಹೋಳು ಇಟ್ಕೊಂಡು ಓಡ್ತಿದ್ದ, ಉಸಿರೇ ಸಾಲಲಿಲ್ಲ. ಸೋಲು ಗೆಲುವು ಅನ್ನೋದು ಇಂಥ ಸಣ್ಣಪುಟ್ಟದ್ರಲ್ಲೇ ಇರೋದು ಮಾರಾಯ."

ನೆವಿಲ್ ಜಾಲರಿ ಸೌಟು ಹಿಡಿದು ನಿಂತೇ ಇದ್ದ. ಕಿತ್ತಳೆ ಹೋಳಿನಿಂದ ಯಾರಾದರೂ ಸೋಲುತ್ತಾರೆಯೇ ಎಂದು ಬಾಯಿ ತೆರೆಯಲು ಹೋದ. ಹಿಂದೆ ಇದೇ ಪ್ರಶ್ನೆ ಯಾರಾದರೂ ಕೇಳಿದ್ದರೆ ತಾನು ಏನು ಉತ್ತರ ಕೊಡುತ್ತಿದ್ದೆ ಎಂಬುದು ನೆನಪಾಗಿ ಮುಚ್ಚಿಕೊಂಡ.

"ಒಂದು ಪೈ ಕೊಡು," ಎಂದಳು ಗ್ಲೆನಿಸ್. "ಸಾಸ್ ಬೇಡ. ಗಾಡಿ ಗಲೀಜಾಗತ್ತೆ."